ಓನೇಲಿಯ ಹಿಡಿದ ಕಳ್ಳ

ಕಬೈಗ್ವಾನ್ ಎಂಬ ಊರಿನ ಸಿಗಾರ್ ಕಾರ್ಖಾನೆಯಲ್ಲಿ ಓನೇಲಿಯ ಕಾರ್ಮೆನಾತೆಯ ಕಿವಿಗೆ ಒಂದು ಕಾಲದಲ್ಲಿ ಎಂಥ ಬೆಲೆಯಿತ್ತೆಂದರೆ, ಕತೆಯೊಳಗೆ ಹೆಣ ಬಿದ್ದ ದಿನವೇ ನೂರಾರು ಜನ ಕೂತು ಸಿಗಾರ್ ಸುತ್ತುವ ಇಡೀ ಹಾಲು ಅವಳ ಮೇಜಿನ ಕಡೆ ಕತ್ತು ಹೊರಳಿಸುತ್ತಿತ್ತು. ಅವಳ ಕೈ ಎಲೆ ಸುತ್ತುತ್ತಿರುತ್ತಿತ್ತು, ಕಣ್ಣು ಎಲೆಯ ನರದ ಮೇಲೆ ಇರುತ್ತಿತ್ತು, ಕಿವಿ ಮಾತ್ರ ವೇದಿಕೆಯ ಮೇಲೆ ಕೂತ ಎವೆಲಿಯೋನ ದನಿಗೆ ಅಂಟಿಕೊಂಡಿರುತ್ತಿತ್ತು. ಎವೆಲಿಯೋ ಅಲ್ಲಿ ಕೆಲಸಗಾರರಿಗೆ ಗಟ್ಟಿಯಾಗಿ ಓದಿ ಹೇಳುವ ಕೆಲಸದವನು. ಬೆಳಿಗ್ಗೆ ಪತ್ರಿಕೆ, ಊಟವಾದ ಮೇಲೆ ಕಾದಂಬರಿ. ಯಾವ ಕಾದಂಬರಿ ಅನ್ನುವುದನ್ನು ಸಿಗಾರ್ ಸುತ್ತುವವರೇ ಕೈಯೆತ್ತಿ ಆರಿಸುತ್ತಿದ್ದರು. ಅವನು ತಂದ ಪುಸ್ತಕಗಳಲ್ಲಿ ಒಂದು ಪತ್ತೇದಾರಿಯಾಗಿದ್ದರೆ ಉಳಿದವನ್ನು ಸುಮ್ಮನೆ ಹೊತ್ತು ತಂದಂತೆಯೇ ಲೆಕ್ಕ.

ಕತೆ ಮೆಚ್ಚುಗೆಯಾದರೆ ಎಲೆ ಕತ್ತರಿಸುವ ಚವೇತಾ ಕತ್ತಿಯನ್ನು ಮೇಜಿಗೆ ಕುಟ್ಟುತ್ತಾರೆ. ಅಲ್ಲಿ ಅದೇ ಚಪ್ಪಾಳೆ. ಸೇರದಿದ್ದರೆ ಕತ್ತಿಯನ್ನು ನೆಲಕ್ಕೆ ಬಿಡುತ್ತಾರೆ. ನೂರಾರು ಕತ್ತಿ ಒಟ್ಟಿಗೆ ನೆಲಕ್ಕೆ ಬಿದ್ದರೆ ಓದುವವನ ಬಾಯಿ ತಾನಾಗಿ ಮುಚ್ಚುತ್ತದೆ. ಮೈಕಿನ ದನಿ ಹಲಗೆ ಕಿಟಕಿಗಳಿಂದ ಹೊರಗೂ ಹೋಗುತ್ತಿತ್ತು. ಎದುರಿನ ಔಷಧಿ ಅಂಗಡಿಯ ಜಗಲಿಯಲ್ಲಿ ನಿಂತು ಕೇಳುವ ಪುಕ್ಕಟೆ ಗಿರಾಕಿಗಳೂ ಇದ್ದರು.

ಓನೇಲಿಯ ಹುಟ್ಟಿದ್ದೇ ಈ ಸದ್ದಿನ ನಡುವೆ. ಅಪ್ಪನೂ ಅದೇ ಹಾಲಿನಲ್ಲಿ ಸುತ್ತುತ್ತಿದ್ದವನು. ಪುಸ್ತಕ ಕೈಯಲ್ಲಿ ಹಿಡಿದು ಓದುವುದು ಅವಳಿಗೆ ಬರುತ್ತಿತ್ತು, ಆದರೆ ಒಗ್ಗುತ್ತಿರಲಿಲ್ಲ. ಒಬ್ಬಳೇ ಕೂತು ಓದಿದರೆ ಕೊಲೆ ಕೊಲೆಯಂತೆ ಅನಿಸುವುದಿಲ್ಲ, ಅಕ್ಕಪಕ್ಕದವರು ಉಸಿರು ಬಿಗಿ ಹಿಡಿದರೇ ಅದಕ್ಕೊಂದು ಜೀವ, ಅನ್ನುತ್ತಿದ್ದಳು. ಐವತ್ತು ದಾಟಿದ ಹೆಂಗಸು. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಗಂಟಲು. ಕೊನೆಯ ಅಧ್ಯಾಯ ಬರುವ ಎಷ್ಟೋ ಮೊದಲೇ ಕೊಲೆಗಾರ ಯಾರೆಂದು ಹೇಳಿಬಿಡುತ್ತಿದ್ದಳು, ಹೇಳಿದ್ದು ಹುಸಿಯಾಗುತ್ತಿದ್ದುದು ಅಪರೂಪ.

"ಅದೇನು ಮಾಟ ಕಣೇ ನಿಂದು?" ಎಂದು ಪಕ್ಕದ ಮೇಜಿನ ಮಿಗ್ದಾಲಿಯ ಕೇಳುತ್ತಿದ್ದಳು.

"ಮಾಟ ಏನು ಬಂತು? ಬರೆಯೋನು ಒಬ್ಬನ್ನ ತಂದು ಬಾಗಿಲ ಹತ್ರ ಕೂರಿಸ್ತಾನೆ, ಕೈಗೆ ಕಾಫಿ ಕೊಡ್ತಾನೆ, ಆಮೇಲೆ ಮರೆತೋದೋನ ಥರ ನಾಟ್ಕ ಆಡ್ತಾನೆ. ಅವನೇ ಕೊಂದಿರೋನು. ನೋಡ್ತಿರು."

"ಇಷ್ಟೆಲ್ಲ ಗೊತ್ತಾಗೋಳಿಗೆ ಗಂಡ ಕಮಾಗ್ವೇಯಲ್ಲಿ ಇನ್ನೊಂದು ಸಂಸಾರ ಇಟ್ಟಿದ್ದು ಗೊತ್ತಾಗ್ಲಿಲ್ವಲ್ಲೇ!"

"ಅವನನ್ನ ಯಾರೂ ಬರೆದಿರ್ಲಿಲ್ಲ ಕಣೆ ಮಿಗ್ದಾಲಿಯ. ದೇವ್ರು ಹಂಗೇ ಬಿಟ್ಟಿದ್ದ."

ಸುತ್ತಲಿನ ಮೇಜುಗಳು ನಗುತ್ತಿದ್ದವು. ಓನೇಲಿಯಳೂ ನಗುತ್ತಿದ್ದಳು. ಆ ನಗೆಯಲ್ಲಿ ತಾನಾಡಿದ ಮಾತು ಎಷ್ಟು ನಿಜವೆಂದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಒಬ್ಬ ಬಡಪಾಯಿಯ ಮಾನ ಉಳಿಯುತ್ತಿತ್ತು.

ಆ ವರ್ಷಗಳಲ್ಲಿ ಬರುತ್ತಿದ್ದ ಪತ್ತೇದಾರಿ ಕಾದಂಬರಿಗಳ ಮಾತನ್ನೂ ಇಲ್ಲಿ ಹೇಳಬೇಕು. ಅವುಗಳಲ್ಲಿ ಕೊಲೆಗಾರನನ್ನು ಹಿಡಿಯುವವನು ಪೈಪು ಕಚ್ಚಿದ ಸಾಹೇಬನಲ್ಲ. ನೆರೆಹೊರೆಯ ಮೇಲೆ ಕಣ್ಣಿಡಲು ಸರ್ಕಾರ ಕಟ್ಟಿಸಿದ ಬೀದಿ ಸಮಿತಿಯ ಹೆಂಗಸು ಕಿಟಕಿಯಿಂದ ನೋಡುತ್ತಾಳೆ, ಪಕ್ಕದ ಮನೆಗೆ ಬಂದವನ ಬೂಟು ಹೊಸದು ಅಂತ ಗುರುತಿಸುತ್ತಾಳೆ, ಪೊಲೀಸರಿಗೆ ಹೇಳುತ್ತಾಳೆ; ಕೊನೆಯ ಪುಟದಲ್ಲಿ ಅಧಿಕಾರಿ ಬಂದು ಅವಳ ಮನೆಯಲ್ಲಿ ಕಾಫಿ ಕುಡಿದು ಕೈ ಕುಲುಕುತ್ತಾನೆ. ಪಕ್ಕದ ಮನೆಯೊಳಗೆ ಇಣುಕುವ ಹಳೇ ಚಟಕ್ಕೆ ಯಾರೋ ಪದಕ ತೊಡಿಸಿದ ಹಾಗೆ. ಓನೇಲಿಯಳಂಥವರಿಗೆ ಇದಕ್ಕಿಂತ ರುಚಿ ಇನ್ನೇನು ಬೇಕು? ತನ್ನಂಥ ಹೆಂಗಸೇ ಕತೆಯೊಳಗೆ ಗೆಲ್ಲುತ್ತಿದ್ದಳು. ಮುಂದೆ ಆದ ತಪ್ಪು ಅವಳೊಬ್ಬಳ ತಲೆಯಲ್ಲಿ ಹುಟ್ಟಿದ್ದಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ. ಅವಳದಲ್ಲ ಅಂತ ಹೇಳಲಿಲ್ಲ.

ಆ ಆಗಸ್ಟಿನಲ್ಲಿ ಗಡಿಯಾರ ರಿಪೇರಿಯವನೊಬ್ಬನ ಕೊಲೆಯ ಕಾದಂಬರಿ ನಡೆದಿತ್ತು. ಅದೇ ವಾರ ಎಲೆ ನೆನೆಸುವ ಕೋಣೆಯಿಂದ ಹೊದಿಕೆ ಎಲೆಯ ಕಟ್ಟುಗಳು ಮಾಯವಾದವು. ಹೊದಿಕೆ ಎಲೆ ಎಂದರೆ ಸಿಗಾರಿನ ಮೇಲ್ಮೈಗೆ ಸುತ್ತುವ ಎಲೆ. ರೇಷ್ಮೆಯಂಥದು, ಒಂದು ನರವೂ ಎದ್ದು ಕಾಣದ್ದು. ಅದು ಕದ್ದು ಹೊರಗೆ ಹೋಯಿತೆಂದರೆ ಹಿತ್ತಿಲಲ್ಲಿ ಯಾರೋ ಕಳ್ಳ ಸಿಗಾರ್ ಸುತ್ತುತ್ತಿದ್ದಾರೆ ಅಂತ ಅರ್ಥ. ಆಡಳಿತಗಾರ ವೇದಿಕೆಯ ಪಕ್ಕಕ್ಕೆ ಬಂದು, "ಸಂಗಾತಿಗಳೇ, ನಮ್ಮೊಳಗೇ ಒಬ್ಬ ಶತ್ರು ಇದಾನೆ. ಕಣ್ಣು ತೆರೆದಿಟ್ಟಿರಿ" ಎಂದು ಹೇಳಿ ತನ್ನ ಫ್ಯಾನಿನ ಕೋಣೆಗೆ ಹೊರಟುಹೋದ.

ಅವತ್ತು ಊಟದ ಹೊತ್ತಿನಲ್ಲಿ ಗಡಿಯಾರದವನ ಕೊಲೆಯ ಮಾತು ಯಾರೂ ಆಡಲಿಲ್ಲ.

"ಹೇಳು ಓನೇಲಿಯ. ಇದು ನಿಂದೇ ಕೇಸು," ಎಂದ ಒಬ್ಬ.

"ಪುಸ್ತಕದಲ್ಲಿ ಮಾತ್ರ ಹುಲೀನೋ, ಹೊರಗೂ ಹುಲೀನೋ ನೋಡೇಬಿಡೋಣ," ಎಂದು ಮಿಗ್ದಾಲಿಯ ಕೆಣಕಿದಳು.

ಓನೇಲಿಯ ಮೊದಲು ಕೈ ಆಡಿಸಿ ಬೇಡವೆಂದಳು. ಆದರೆ ಅಷ್ಟು ಮುಖಗಳು ನಿಮ್ಮ ಕಡೆ ತಿರುಗಿ ಕಾಯುತ್ತಿರುವಾಗ ಬಾಯಿ ಮುಚ್ಚಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ಅವಳು ಕೈ ಒರೆಸಿಕೊಂಡು ಹಾಲಿನ ಉದ್ದಗಲಕ್ಕೂ ಕಣ್ಣು ಹಾಯಿಸಿದಳು, ಕಾದಂಬರಿಯ ಪುಟ ಮಗುಚಿದ ಹಾಗೆ. ಕಣ್ಣು ಹೋಗಿ ಬಾಗಿಲ ಹತ್ತಿರದ ಮೇಜಿನಲ್ಲಿ ನಿಂತಿತು. ಅಲ್ಲಿ ನಿಕಾಸಿಯೋ ಕೂರುತ್ತಿದ್ದ. ವಯಸ್ಸಾದವನು, ಮದುವೆಯಿಲ್ಲದವನು, ಮಾತು ಕಮ್ಮಿ. ಆಗ ಅವನು ಅಲ್ಲಿರಲಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ಎಲ್ಲರಿಗೂ ಬೆನ್ನು ಹಾಕಿ ಊಟ ಮಾಡುವುದು ಅವನ ರೂಢಿ.

"ನಾನು ಯಾರ ಹೆಸರೂ ಹೇಳಲ್ಲಪ್ಪ. ನೀವೇ ಯೋಚ್ನೆ ಮಾಡಿ. ಈ ಆಗಸ್ಟಿನ ಬಿಸಿಲಲ್ಲಿ ಕೋಟು ಹಾಕ್ಕೊಂಡು ಮನೆಗೆ ಹೋಗೋನು ಯಾರು? ಗಂಟೆ ಹೊಡೆದ ಮೇಲೂ ಹಿಂದೆ ಉಳಿಯೋನು ಯಾರು? ಕೊಲೆಗಾರ ಸಿಕ್ಕಿಬಿದ್ದಾಗ ನಾವೆಲ್ಲ ಕತ್ತಿ ಕುಟ್ತೀವಿ. ಒಂದೇ ಒಂದ್ಸಲಾನೂ ಕುಟ್ಟದೇ ಇರೋನು ಯಾರು?" ಎಂದಳು ಓನೇಲಿಯ.

ಯಾರೋ ಕತ್ತಿ ಕುಟ್ಟಿದರು. ಇನ್ನೊಬ್ಬರು ಕುಟ್ಟಿದರು. ಇಡೀ ಹಾಲು ಕುಟ್ಟಿತು.

ಅಂಥ ಸದ್ದು ತನಗಾಗಿ ಎದ್ದಾಗ ಎಂಥವರಿಗೂ ಎದೆ ಉಬ್ಬುತ್ತದೆ. ಓನೇಲಿಯಳಿಗೂ ಉಬ್ಬಿತು.

ಸಂಜೆಯ ಹೊತ್ತಿಗೆ ಮಾತು ಗೇಟು ಕಾಯುವವನ ಕಿವಿಗೆ ಬಿದ್ದಿತ್ತು. ನಿಕಾಸಿಯೋ ಕೊನೆಯವನಾಗಿ ಮೆಟ್ಟಿಲಿಳಿದು ಬಂದಾಗ ಹಾಲಿನ ಅರ್ಧ ಜನ ಮನೆಗೆ ಹೋಗದೆ ಗೇಟಿನಲ್ಲೇ ಕಾಯುತ್ತಿದ್ದರು.

"ಕೋಟು ಬಿಚ್ಚಿ, ಸಂಗಾತಿ."

"ಯಾಕೆ?"

"ಬಿಚ್ಚಿ ಅಂದ್ನಲ್ಲ."

ನಿಕಾಸಿಯೋ ಕೋಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡ. ಅದೇ ಅವನಿಗೆ ಮುಳುವಾಯಿತು. ಕಾಯುವವನು ಎಳೆದ, ಗುಂಡಿ ಕಿತ್ತುಬಂತು, ಒಳಗಿಂದ ಹಾಲಿನ ಪುಡಿಯ ಹಳೇ ಡಬ್ಬವೊಂದು ಕಲ್ಲಿನ ಮೇಲೆ ಬಿದ್ದು ಉರುಳಿತು. ಮುಚ್ಚಳ ಒಂದು ಕಡೆ, ಡಬ್ಬ ಒಂದು ಕಡೆ. ಚೆಲ್ಲಿದ್ದು ಅನ್ನ, ಕಪ್ಪು ಬೀನ್ಸ್ ಕಾಳಿನ ಸಾರು, ಅರ್ಧ ತುಂಡು ಬೇಯಿಸಿದ ಗೆಣಸು. ಕ್ಯಾಂಟೀನಿನಲ್ಲಿ ಮಧ್ಯಾಹ್ನ ಅವನ ತಟ್ಟೆಗೆ ಬಡಿಸಿದ್ದರಲ್ಲಿ ಅರ್ಧ.

ಯಾರೋ ಕಿಸಕ್ಕನೆ ನಕ್ಕರು. "ಸಿಕ್ಕಿಬಿದ್ದ ನೋಡ್ರೋ, ಗೆಣಸಿನ ಕಳ್ಳ!" ಎಂದರು. ಹೇಸಿಗೆಯಾಗಬೇಕಾದ ಕಡೆ ನಗು ಬರುವ ಜಾತಿ ನಾವು. ನಿಕಾಸಿಯೋ ಮಂಡಿಯೂರಿ ಅನ್ನವನ್ನು ಕೈಯಿಂದ ಬಳಿದು ಡಬ್ಬಕ್ಕೆ ತುಂಬಿದ. ಕಾಯುವವನು, "ಕ್ಯಾಂಟೀನ್ ಊಟ ಹೊರಗೆ ಒಯ್ಯೋ ಹಾಗಿಲ್ಲ, ಗೊತ್ತಲ್ವ?" ಎಂದ, ಏನಾದರೊಂದು ಹೇಳಬೇಕಲ್ಲ ಅಂತ. ನಿಕಾಸಿಯೋ ಯಾರ ಮುಖವನ್ನೂ ನೋಡದೆ ಹೊರಟುಹೋದ.

ಓನೇಲಿಯ ಗುಂಪಿನ ಹಿಂದೆ ನಿಂತಿದ್ದಳು. ಅವಳು ನಗಲಿಲ್ಲ. ಅವನನ್ನು ಬಿಡಿ ಅಂತಲೂ ಅನ್ನಲಿಲ್ಲ.

ಮಾರನೆಯ ದಿನ ನಿಕಾಸಿಯೋ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಆ ನಡುವೆ ಹೊದಿಕೆ ಎಲೆ ಸಿಕ್ಕಿತು. ಕಳುವೇ ಆಗಿರಲಿಲ್ಲ. ಆಡಳಿತಗಾರನೇ ಸಹಿ ಹಾಕಿ ಕಟ್ಟುಗಳನ್ನು ಪಕ್ಕದ ಊರಿನ ಕಾರ್ಖಾನೆಗೆ ಕಳಿಸಿ, ಕಳಿಸಿದ್ದನ್ನೇ ಮರೆತಿದ್ದ. ಸೂಚನಾ ಫಲಕದ ಮೂಲೆಯಲ್ಲಿ ಅಂಗೈಯಗಲದ ಚೀಟಿಯೊಂದನ್ನು ಅಂಟಿಸಿದರು. ಅಲ್ಲಿಗೆ ಮುಗಿಯಿತು. ಫ್ಯಾನಿನ ಕೋಣೆಯವನ ಕೋಟನ್ನು ಯಾರೂ ಬಿಚ್ಚಿಸಲಿಲ್ಲ. ಓನೇಲಿಯ ಕೇಳಿದ ಅಷ್ಟೂ ಕತೆಗಳಲ್ಲಿ ಕೊಲೆಗೆ ಕಾರಣ ಆಸೆ, ಹಗೆ, ಹೆಣ್ಣು, ಚಿನ್ನ. ಕುರ್ಚಿಯಲ್ಲಿ ಕೂತವನ ಮರೆವಿನಿಂದ ಒಬ್ಬ ಮನುಷ್ಯ ನೆಲಕ್ಕೆ ಬೀಳಬಹುದು ಅಂತ ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ.

"ಸಿಟ್ಟು ಇಳಿದ್ಮೇಲೆ ಬರ್ತಾನೆ ಬಿಡೇ," ಎಂದಳು ಮಿಗ್ದಾಲಿಯ.

"ಬರದೇ ಇದ್ರೆ?"

"ಬರದೇ ಇದ್ರೆ ಈ ತಿಂಗಳ ಕೊನೇಲಿ ಹೆಸರು ತೆಗೆದುಹಾಕ್ತಾರೆ. ನೀನೇನು ಅವನ ಹೆಸರು ಹೇಳಿದ್ಯಾ? ಹೇಳಿಲ್ವಲ್ಲ."

"ಅದೇ ಕಣೆ," ಎಂದಳು ಓನೇಲಿಯ, "ಹೆಸರು ಹೇಳಿದ್ರೆ ಅವನೂ ಎದ್ದು ನಿಂತು ಇಲ್ಲ ಅನ್ನಬಹುದಿತ್ತು."

ಅವತ್ತು ಸಂಜೆ ಅವಳು ನಿಕಾಸಿಯೋನ ಮನೆಗೆ ಹೋದಳು. ರೈಲು ಹಳಿಯಾಚೆ, ಹಲಗೆ ಗೋಡೆಯ ಮನೆ. ಬಾಗಿಲು ತೆಗೆದವನು ಅವಳನ್ನು ನೋಡಿ ಮತ್ತೆ ಮುಚ್ಚುವುದರಲ್ಲಿದ್ದ. ಅಷ್ಟರಲ್ಲಿ ಒಳಗಿಂದ ಹೆಣ್ಣು ದನಿ, "ಯಾರೋ ಅದು ನಿಕಾ?" ಎಂದಿತು.

"ಫ್ಯಾಕ್ಟರಿಯೋರು," ಎಂದು ಅವನು ಬಲವಂತಕ್ಕೆ ಹೇಳಿದ.

"ಹಂಗಾದ್ರೆ ಒಳಗೆ ಕರಿಯೋ! ಬಾಗಿಲಲ್ಲಿ ನಿಲ್ಲಿಸ್ತಾರಾ ಯಾರಾದ್ರೂ?"

ಮಂಚದ ಮೇಲೆ ಅವನ ಅಕ್ಕ ಎರ್ಸಿಲಿಯ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಕೂದಲು ನೀಟಾಗಿ ಬಾಚಿ ಕಟ್ಟಿತ್ತು. ಕಟ್ಟಿದ್ದು ಗಂಡಸಿನ ಕೈ ಅಂತ ಗಂಟು ನೋಡಿದರೇ ತಿಳಿಯುತ್ತಿತ್ತು. ಒಲೆಯ ಮೇಲೆ ಗೆಣಸು ಬೇಯುತ್ತಿತ್ತು. ಬರೀ ಗೆಣಸು.

"ಕೂತ್ಕೊಳಮ್ಮ. ಅಬ್ಬ, ಫ್ಯಾಕ್ಟರಿಯಿಂದ ಒಬ್ಬರಾದ್ರೂ ಬಂದ್ರಲ್ಲ! ನಂಗೊಂದು ಉಪಕಾರ ಮಾಡು. ಆ ಗಡಿಯಾರದವನ ಕತೆ ಏನಾಯ್ತು, ಸರಿಯಾಗಿ ಹೇಳು. ಇವನು ದಿನಾ ನಂಗೆ ಊಟ ಕೊಡ್ತಾ ಅವತ್ತಿಂದು ಅವತ್ತೇ ಹೇಳ್ತಾನೆ. ಒಂದು ಮಾತು ಬಿಡದ ಹಾಗೆ, ಎವೆಲಿಯೋನ ದನೀಲೇ ಹೇಳ್ತಾನೆ. ಆದ್ರೆ ಈ ನಡುವೆ ಕತೆಗೆ ತೂತು ಬಿದ್ದಿದೆ. ನಿನ್ನೆ ವಿಧವೆ ಬಾಯಿ ಬಿಡೋ ಹೊತ್ತಿಗೆ ಸರಿಯಾಗಿ, ಅಲ್ಲೊಂದು ಟ್ರಕ್ಕು ಬಂತು, ಕೇಳಿಸ್ಲಿಲ್ಲ ಅಂತಾನೆ!"

ನಿಕಾಸಿಯೋ ಒಲೆಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನು ನೋಡುತ್ತಿದ್ದ ಹಾಗೆಯೇ ಓನೇಲಿಯಳಿಗೆ ಎಲ್ಲ ತಿಳಿಯಿತು. ಕೆಲಸಕ್ಕೆ ಹೊರಟವನಂತೆ ದಿನವೂ ಕೋಟು ತೊಟ್ಟು ಹೋಗಿ, ಔಷಧಿ ಅಂಗಡಿಯ ಜಗಲಿಯಲ್ಲಿ ನಿಂತು, ಹೋಗಿಬರುವ ಗಾಡಿಗಳ ಸದ್ದಿನ ನಡುವೆ ಅವನು ಅಕ್ಕನಿಗಾಗಿ ಕತೆ ಆಯುತ್ತಿದ್ದ. ಹಾಲಿನಲ್ಲಿ ಅವನು ಯಾವತ್ತೂ ಕತ್ತಿ ಕುಟ್ಟದೆ ಕೂತಿದ್ದುದು ಯಾಕೆಂದೂ ತಿಳಿಯಿತು. ಬೇರೆಯವರು ಕುಟ್ಟುವಾಗ ಅವನು ಕೇಳಿದ ಮಾತನ್ನು ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದ. ಗಂಟೆ ಹೊಡೆದ ಮೇಲೆ ಅವನು ಹಿಂದೆ ಉಳಿಯುತ್ತಿದ್ದುದೂ ಇದಕ್ಕೇ.

ಅವಳು ಕತೆ ಹೇಳಿದಳು. ಮೊದಲು ನಾಲಗೆ ತೊಡರಿತು, ಆಮೇಲೆ ಸರಾಗವಾಯಿತು. ವಿಧವೆ ಏನಂದಳು, ನಾವಿಕನ ಜೇಬಿನಲ್ಲಿ ಏನು ಸಿಕ್ಕಿತು, ಗಡಿಯಾರದ ಅಂಗಡಿಯ ಹಿಂಬಾಗಿಲು ಯಾಕೆ ತೆರೆದಿತ್ತು. ಎರ್ಸಿಲಿಯ ನಡುನಡುವೆ, "ಹೌದಾ? ಅಯ್ಯೋ ಮುಂಡೇದೇ!" ಅನ್ನುತ್ತ ಹಾಸಿಗೆಗೆ ಬಡಿಯುತ್ತಿದ್ದಳು. ನಿಕಾಸಿಯೋ ತಿರುಗಿ ನೋಡಲಿಲ್ಲ, ಆದರೆ ಸೌಟು ಆಡಿಸುವುದನ್ನು ನಿಲ್ಲಿಸಿದ್ದ.

"ನೀರು ತರ್ತೀನಿ," ಎಂದು ಅವನು ಹಿತ್ತಿಲಿಗೆ ಹೋದ ಕೂಡಲೇ ಎರ್ಸಿಲಿಯ ಓನೇಲಿಯಳ ಮೊಣಕೈ ಹಿಡಿದಳು. ದನಿ ಇಳಿಸಿ, "ಅವನು ಕೆಲಸಕ್ಕೆ ಹೋಗ್ತಿಲ್ಲ ಅಲ್ವಾ?" ಎಂದಳು.

ಓನೇಲಿಯ ಹಿತ್ತಿಲ ಬಾಗಿಲ ಕಡೆ ನೋಡಿದಳು.

"ಕೋಟಲ್ಲಿ ಹೊಗೆಸೊಪ್ಪಿನ ವಾಸನೆ ಇಲ್ಲ. ಫ್ಯಾಕ್ಟರಿ ಊಟ ಇಲ್ಲ. ಗುಂಡಿ ಕಿತ್ತಿದೆ. ಹಾಸಿಗೆ ಹಿಡಿದೋಳಿಗೆ ಇಷ್ಟೂ ಗೊತ್ತಾಗಲ್ವಾ?"

"ಮತ್ತೆ ಕೇಳ್ಲಿಲ್ಲ ಯಾಕೆ, ಎರ್ಸಿಲಿಯಕ್ಕ?"

"ಕೇಳಿದ್ರೆ ಅವನು ಎಲ್ಲಿ ಹೋಗಿ ಮುಖ ಇಟ್ಕೊಳ್ತಾನಮ್ಮ? ಅವನಾಗೇ ಹೇಳ್ಲಿ. ಹೇಳ್ದೇ ಇದ್ರೂ ಪರವಾಗಿಲ್ಲ." ಆಮೇಲೆ ಮುಖ ಅರಳಿಸಿ ಕೇಳಿದಳು: "ಅಂದ ಹಾಗೆ ನೀನು ಯಾರು? ಅಲ್ಲೊಬ್ಬಳಿದಾಳಂತಲ್ಲ ಓನೇಲಿಯ ಅಂತ, ಕೊಲೆಗಾರನ್ನ ಯಾವಾಗ್ಲೂ ಸರಿಯಾಗಿ ಹಿಡಿಯೋಳು. ನಿಕಾ ಅವಳ ಮಾತೂ ಹೇಳ್ತಾನೆ ನಂಗೆ. ನೀನೇನಾ?"

"ನಾನೇ," ಎಂದಳು ಓನೇಲಿಯ. "ಆದ್ರೆ ಯಾವಾಗ್ಲೂ ಸರಿಯಾಗಿ ಹಿಡಿಯಲ್ಲ."

ಹೊರಡುವಾಗ ಅಂಗಳದಲ್ಲಿ ನಿಕಾಸಿಯೋ ಅಡ್ಡ ನಿಂತ.

"ಅವಳಿಗೆ ಏನಾದ್ರೂ ಹೇಳಿದ್ರಾ?"

"ಕತೆ ಹೇಳ್ದೆ, ಅಷ್ಟೆ. ನಿಕಾಸಿಯೋ ಅಣ್ಣ, ನನ್ನಿಂದ ತಪ್ಪಾಯ್ತು."

"ಇಲ್ಲಿ ಯಾರಿದಾರೆ ಕೇಳೋಕೆ?" ಎಂದ ಅವನು. "ನೀವು ಯಾರು ಯಾರು ಅಂತ ಕೇಳಿದ್ದು ಇಲ್ಲಿ ಅಲ್ಲ. ಅಲ್ಲಿ, ಎಲ್ಲರ ಮುಂದೆ. ಕತ್ತಿ ಕುಟ್ಟಿದ ಸದ್ದು ಕ್ಯಾಂಟೀನ್ ತನಕ ಬಂತು. ಯಾರದೋ ಹುಟ್ಟುಹಬ್ಬ ಅಂದ್ಕೊಂಡೆ ನಾನು."

ಅವಳು ಮನೆಗೆ ನಡೆದಳು. ದಾರಿಯುದ್ದಕ್ಕೂ ಆ ಹುಟ್ಟುಹಬ್ಬದ ಮಾತು ಕಾಲಿಗೆ ತೊಡರಿಕೊಂಡೇ ಬಂತು.

ಮಾರನೆಯ ದಿನ ಊಟವಾದ ಮೇಲೆ ಎವೆಲಿಯೋ ಪುಸ್ತಕ ತೆರೆಯುವ ಮೊದಲೇ ಓನೇಲಿಯ ವೇದಿಕೆ ಹತ್ತಿದಳು.

"ಇದು ಓದೋ ಜಾಗ ಕಣಮ್ಮ, ಭಾಷಣಕ್ಕಲ್ಲ," ಎಂದು ಎವೆಲಿಯೋ ಮೈಕನ್ನು ಕೈಯಿಂದ ಮುಚ್ಚಿದ. "ಇಲ್ಲಿ ಏನು ಓದ್ಬೇಕು ಅನ್ನೋದನ್ನ ಹಾಲು ಹೇಳ್ಬೇಕು."

"ಹಂಗಾದ್ರೆ ಹಾಲನ್ನೇ ಕೇಳು."

ಎವೆಲಿಯೋ ಕೇಳಿದ. ಇವಳು ಈಗಲೇ ಕೊಲೆಗಾರನ ಹೆಸರು ಹೇಳಿಬಿಡುತ್ತಾಳೆ ಅಂದುಕೊಂಡು ಜನ ಖುಷಿಯಿಂದ ಕೈಯೆತ್ತಿದರು.

ಅಲ್ಲಿಂದ ನೋಡಿದರೆ ಕಿಟಕಿಯಾಚೆ ಬೀದಿ, ಬೀದಿಯಾಚೆ ಔಷಧಿ ಅಂಗಡಿಯ ಜಗಲಿ ಕಾಣುತ್ತಿತ್ತು. ಓನೇಲಿಯ ಆ ಕಡೆ ನೋಡಲಿಲ್ಲ. ತನ್ನ ಕಣ್ಣು ಹೋದಲ್ಲಿಗೆ ಇಡೀ ಹಾಲಿನ ಕಣ್ಣು ಹೋಗುತ್ತದೆಂದು ಅವಳಿಗೆ ಈಗ ಗೊತ್ತಿತ್ತು. ಮೈಕನ್ನೇ ನೋಡುತ್ತ ಮಾತಾಡಿದಳು.

"ಹೋದ ವಾರ ನಾನೊಬ್ಬ ಮನುಷ್ಯನ್ನ ಕಳ್ಳ ಅಂದೆ. ಹೆಸರು ಹೇಳದೇನೇ ಅಂದೆ. ಇವತ್ತು ಹೆಸರು ಹೇಳ್ತೀನಿ: ನಿಕಾಸಿಯೋ ವಾಲ್ದೆಸ್‌ಪಿನೋ. ಅವನು ಒಂದು ಎಲೆ ಮುಟ್ಟಿಲ್ಲ. ತನ್ನ ತಟ್ಟೇಲಿ ಅರ್ಧ ಉಳಿಸಿ ಮನೆಗೆ ಒಯ್ತಿದ್ದ. ಯಾರಿಗೆ ಅನ್ನೋದು ನಿಮಗೆ ಬೇಡ. ನಂಗೆ ಪುಸ್ತಕ ಬಿಟ್ಟು ಬೇರೆ ಏನೂ ಗೊತ್ತಿಲ್ಲ, ಆದ್ರೂ ಬಾಯಿ ಹಾಕ್ದೆ. ತಪ್ಪು ನಂದು. ಆದ್ರೆ ನಾನೊಬ್ಬಳೇ ಅಲ್ಲ. ಕತ್ತಿ ಕುಟ್ಟಿದ್ದು ಯಾರು? ಗೇಟಲ್ಲಿ ನಕ್ಕಿದ್ದು ಯಾರು? ಎಲೆ ಕಳಿಸಿ ಮರೆತೋರು ಫ್ಯಾನಿನ ಕೆಳಗೆ ತಣ್ಣಗೆ ಕೂತಿದಾರೆ. ಅವರ ಕೋಟು ಬಿಚ್ಚಿಸಿದ್ರಾ ಯಾರಾದ್ರೂ? ನಮಗೆ ಬಾಗಿಲ ಹತ್ರ ಕೂರೋನೇ ಬೇಕಿತ್ತು."

ಮುಂದಿನ ಸಾಲಿನಲ್ಲಿ ಒಂದು ಕತ್ತಿ ನೆಲಕ್ಕೆ ಬಿತ್ತು. ಹಿಂದೆ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ತನ್ನ ತಪ್ಪೊಂದನ್ನೇ ಒಪ್ಪಿಕೊಂಡಿದ್ದರೆ ಕುಟ್ಟುತ್ತಿದ್ದರೇನೋ. ತಮ್ಮನ್ನೂ ಸೇರಿಸಿದ್ದು ಯಾರಿಗೂ ಸೇರಲಿಲ್ಲ. ನಲವತ್ತು ವರ್ಷ ಆ ಹಾಲಿನಲ್ಲಿ ಉಸಿರಾಡಿದವಳಿಗೆ ಆ ಸದ್ದು ಎದುರಾಗಿದ್ದು ಅದೇ ಮೊದಲು. ಅದು ಮುಗಿಯುವ ತನಕ ನಿಂತಿದ್ದು, ಆಮೇಲೆ, "ನಿಕಾಸಿಯೋ ವಾಲ್ದೆಸ್‌ಪಿನೋ ಕಳ್ಳ ಅಲ್ಲ," ಎಂದು ಇನ್ನೊಮ್ಮೆ, ಬೀದಿಗೂ ಕೇಳುವ ಹಾಗೆ ಹೇಳಿ ಇಳಿದಳು.

ಮಿಗ್ದಾಲಿಯಳ ಕತ್ತಿ ಮಾತ್ರ ಮೇಜಿನ ಮೇಲೇ ಇತ್ತು. ಅವಳು ಅದನ್ನು ಕುಟ್ಟಲೂ ಇಲ್ಲ, ಬೀಳಿಸಲೂ ಇಲ್ಲ. "ಹುಚ್ಚಿ ಕಣೇ ನೀನು," ಎಂದು ಗೊಣಗಿ ಓನೇಲಿಯಳ ಕುರ್ಚಿ ಎಳೆದುಕೊಟ್ಟಳು.

ಆಡಳಿತಗಾರ ಕರೆಸಿ ಬೈದ. ಸಿಗಾರ್ ಸುತ್ತುವವರು ಕೆಲವು ದಿನ ಮಾತು ಬಿಟ್ಟರು. ಇನ್ನೂ ಕೆಲವರು ಊಟದ ಹೊತ್ತಿನಲ್ಲಿ ಅವಳ ಪಕ್ಕ ಬಂದು, ಗೇಟಿನಲ್ಲಿ ತಾವು ನಗಲಿಲ್ಲವೆಂದು ಕೇಳದಿದ್ದರೂ ಹೇಳಿದರು. ನಗದೆ ಇದ್ದವರು ಅಷ್ಟು ಜನ ಇದ್ದರೆ, ಅವತ್ತು ಆ ಸದ್ದು ಎಲ್ಲಿಂದ ಬಂತೋ.

ನಿಕಾಸಿಯೋ ಒಂದು ಬೆಳಿಗ್ಗೆ ಗಂಟೆಗೆ ಸರಿಯಾಗಿ ಮೆಟ್ಟಿಲೇರಿ ಬಂದ. ಎಲ್ಲರೂ ಎಲೆಯ ಮೇಲೆ ಕಣ್ಣಿಟ್ಟರು. ಅಷ್ಟು ಶ್ರದ್ಧೆಯ ಕೆಲಸವನ್ನು ಆ ಹಾಲು ಹಿಂದೆಂದೂ ಕಂಡಿರಲಿಲ್ಲ. ಅವನು ಬಾಗಿಲ ಹತ್ತಿರದ ತನ್ನ ಮೇಜಿಗೆ ಹೋಗಲಿಲ್ಲ. ಒಳಗಡೆ, ಓದುವ ವೇದಿಕೆಯ ಬುಡದಲ್ಲಿ, ಓನೇಲಿಯಳ ಮುಂದಿನ ಸಾಲಿನಲ್ಲಿ ಖಾಲಿಯಿದ್ದ ಮೇಜಿಗೆ ತನ್ನ ಹಲಗೆ ತಂದಿಟ್ಟು ಕೂತ. ಅಲ್ಲಿ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ಬೇಡ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ಎವೆಲಿಯೋ ಗಡಿಯಾರದವನ ಕತೆಯ ಕೊನೆಯ ಭಾಗ ಶುರುಮಾಡಿದ. ಅಭ್ಯಾಸ ಬಲದಿಂದ ಯಾರೋ, "ಯಾರೇ ಓನೇಲಿಯ, ಯಾರು ಕೊಂದಿದ್ದು?" ಎಂದರು.

"ಗೊತ್ತಿಲ್ಲ," ಎಂದಳು. ಅವಳಿಗೆ ಗೊತ್ತಿತ್ತು. ಆಮೇಲೆ ಮುಂದಿನ ಸಾಲಿನ ಬೆನ್ನಿನ ಕಡೆಗೆ ಬಾಗಿ, ಮೆಲ್ಲಗೆ, "ನಿಕಾಸಿಯೋ ಅಣ್ಣ, ಅವತ್ತಿನ ಮಾತಿಗೆ..." ಎಂದು ಶುರುಮಾಡಿದಳು.

ನಿಕಾಸಿಯೋ ತಿರುಗಲಿಲ್ಲ. ಎಲೆ ಹಿಡಿದಿದ್ದ ಕೈಯನ್ನೇ ಸ್ವಲ್ಪ ಎತ್ತಿ ಅವಳನ್ನು ತಡೆದ.

"ಸುಮ್ನಿರಿ," ಎಂದ. "ಕೇಳಿಸ್ತಿಲ್ಲ."

ಇಬ್ಬರೂ ಕತೆ ಕೇಳುತ್ತ ಕೂತರು.